ಗದಗವನ್ನು ಕಿವಿಗೆ ತೋರಿಸಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಚರಿತ್ರೆಯನ್ನು ಮೊಬೈಲ್ ನಡಿಗೆಯಾಗಿ ಕಟ್ಟಲು ಹೊರಡುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ,

ನೀವು ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರಾಗಿರಬಹುದು, ಶಾಲೆಯ ಮಾಸ್ತರರಾಗಿರಬಹುದು, ಪ್ರವಾಸೋದ್ಯಮದ ಕಡತ ಹಿಡಿದವರಾಗಿರಬಹುದು, ಊರು ಬಿಟ್ಟು ದೂರದಲ್ಲಿ ಕೂತು ಊರಿಗಾಗಿ ಏನಾದರೂ ಮಾಡಬೇಕೆಂದು ಹಂಬಲಿಸುವವರಾಗಿರಬಹುದು. ಗೈಡಿಲ್ಲದೆ, ಗುಂಪಿಲ್ಲದೆ, ತಮಗೆ ಬಿಡುವಾದಾಗ ಮೊಬೈಲ್ ತೆಗೆದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಓಣಿ ಓಣಿ ತಿರುಗುತ್ತ ಊರಿನ ಹಿಂದಿನ ಕಾಲವನ್ನು ಅರಿಯುವ ನಡಿಗೆ ಈಗ ಲೋಕದ ಎಷ್ಟೋ ನಗರಗಳಲ್ಲಿದೆ. ನಮ್ಮ ಸೀಮೆಗೂ ಅದು ಬರಬೇಕು. ಬರುವ ಮುನ್ನ ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ, ಅದನ್ನು ಮೊದಲ ಮಾತಿನಲ್ಲೇ ಇಟ್ಟುಬಿಡುತ್ತೇನೆ: ಗದಗಿನ ನಡಿಗೆಯನ್ನು ಮೊದಲು ಕಣ್ಣು ಕಾಣದವರಿಗಾಗಿ ಕಟ್ಟಿ.

ಇದನ್ನು ಕರುಣೆಯ ಮಾತೆಂದು ತಿಳಿಯಬೇಡಿ. ಇದು ಗದಗಿನ ಚರಿತ್ರೆಯಿಂದಲೇ ಹುಟ್ಟಿದ ಬೇಡಿಕೆ. ಕಣ್ಣಿಲ್ಲದವರು ಗುರುಗಳಾಗಿ ಕೂತು, ಕಣ್ಣಿದ್ದವರು ಅವರ ಮುಂದೆ ಶಿಷ್ಯರಾಗಿ ಕೂತ ಊರು ಇದು. ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟಿನಿಂದ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಊರೂರು ತಿರುಗಿ, ಅಂಧ ಮತ್ತು ಅನಾಥ ಮಕ್ಕಳನ್ನು ಒಟ್ಟುಗೂಡಿಸಿ ಕಲಿಸಿದರು. ಅವರ ಆ ತಿರುಗಾಟ ಕೊನೆಗೆ ನೆಲೆ ನಿಂತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯಂಥವರು ಅವರ ಮುಂದೆ ಕೂತು ಸ್ವರ ಹಿಡಿದವರು. ಅವರ ನಂತರ ಆಶ್ರಮವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ. ಹಿಂದೂಸ್ತಾನಿ, ಕರ್ನಾಟಕಿ ಎರಡರಲ್ಲೂ ಪಳಗಿದವರು. ಹಾರ್ಮೋನಿಯಂ, ತಬಲಾ, ವಯೊಲಿನ್, ಸಾರಂಗಿ ನುಡಿಸಿದವರು, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದವರು, ನಾಟಕ ಕಂಪನಿ ನಡೆಸಿ ಆ ದುಡಿಮೆಯಿಂದ ಮಕ್ಕಳಿಗೆ ಅನ್ನ ಹಾಕಿದವರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಅವರು ತೀರಿಕೊಂಡಾಗ ಗದಗಿಗೆ ಹರಿದುಬಂದ ಜನಸಾಗರವನ್ನು ಕಂಡವರು ಇನ್ನೂ ಮರೆತಿಲ್ಲ.

ಇಂಥ ಊರಿನಲ್ಲಿ ಒಂದು ಡಿಜಿಟಲ್ ನಡಿಗೆ ಹುಟ್ಟಿ, ಅದು ಪುಣ್ಯಾಶ್ರಮದ ಹುಡುಗನ ಕೈಗೆ ಹೋದಾಗ ಬರೀ ಗಾಜಿನ ತುಂಡಾಗಿ ಉಳಿದರೆ, ನಾವು ಗದಗಿನ ಹೆಸರು ಹೇಳಿ ಬೇರೆ ಯಾವುದೋ ಊರನ್ನು ತೋರಿಸಿದಂತಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಗದಗಿನ ಕೀರ್ತಿಯ ಬಹುಪಾಲು ಕಿವಿಯ ಮೂಲಕವೇ ನಾಡಿಗೆ ಹರಡಿದ್ದು. ಕುಮಾರವ್ಯಾಸನ ಭಾರತವನ್ನು ನಮ್ಮ ಹಿರಿಯರಲ್ಲಿ ಬಹಳ ಮಂದಿ ಓದಿ ಅರಿತವರಲ್ಲ, ಕೇಳಿ ಅರಿತವರು. ಕೋಳಿವಾಡದ ನಾರಣಪ್ಪ ಗದುಗಿನ ವೀರನಾರಾಯಣನ ಅಂಕಿತದಲ್ಲಿ ಭಾಮಿನಿ ಷಟ್ಪದಿಯಲ್ಲಿ ಹತ್ತು ಪರ್ವಗಳನ್ನು ಕಟ್ಟಿದ. ಗಮಕಿಗಳ ದನಿಯಲ್ಲಿ ಅದು ಅಕ್ಷರ ಬಾರದವರ ಮನೆಯ ಜಗಲಿಗೂ ತಲುಪಿತು. ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲಿ ಮಾಡಿಕೊಂಡಿದ್ದವರು. ಕನ್ನಡ ನಾಡಿನ ಉದಯವನ್ನು ಹಾರೈಸುವ ಅವರ ಗೀತೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿ, ಏಕೀಕರಣದ ದನಿಯೇ ಆಯಿತು. ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ಗದಗ ಸೀಮೆಯಲ್ಲಿ. ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ದನಿ ಕೇಳಿ, 1933ರಲ್ಲಿ, ಇನ್ನೂ ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಹುಡುಕುತ್ತ ರೈಲು ಹತ್ತಿ ಮನೆ ಬಿಟ್ಟ ಆ ಹುಡುಗ ಉತ್ತರ ಭಾರತವನ್ನೆಲ್ಲ ಸುತ್ತಿ ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಬಂದು ನಿಂತದ್ದು, 2008ರಲ್ಲಿ ಭಾರತರತ್ನನಾದದ್ದು ನಾಡಿಗೆಲ್ಲ ಗೊತ್ತಿರುವ ಕತೆ. ಅಂದರೆ ಈ ಊರಿಗೆ ದನಿಯ ನಡಿಗೆ ಹೊಸ ಫ್ಯಾಷನ್ನಲ್ಲ. ಇಲ್ಲಿಯ ಸಂಪತ್ತು ಇಷ್ಟು ಕಾಲ ಸಾಗಿಬಂದ ದಾರಿಯೇ ಅದು.

ಲೋಕದಲ್ಲೂ ಈ ಬಗೆಯ ನಡಿಗೆ ತೆರೆಯಿಂದ ಶುರುವಾಗಲಿಲ್ಲ. 1951ರಲ್ಲಿ ಬಾಸ್ಟನ್ ನಗರದಲ್ಲಿ ಒಬ್ಬ ಪತ್ರಕರ್ತನ ಸಲಹೆಯಿಂದ ಹುಟ್ಟಿದ ಫ್ರೀಡಂ ಟ್ರೇಲ್‌ನಲ್ಲಿ ಯಂತ್ರವೇ ಇಲ್ಲ. ನೆಲದ ಮೇಲಿನ ಕೆಂಪು ಗೆರೆ ಹಿಡಿದು ನಡೆದರೆ ಹದಿನಾರು ತಾಣಗಳು ಒಂದಾದ ಮೇಲೊಂದು ಸಿಗುತ್ತವೆ. 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂ ನೋಡುಗರ ಕಿವಿಗೆ ರೇಡಿಯೊ ಮೂಲಕ ವಿವರಣೆ ಹಾಯಿಸಿತು, ಇಂದಿನ ಆಡಿಯೊ ಗೈಡುಗಳ ಮೊದಲ ಹೆಜ್ಜೆ ಅದು. 1991ರಿಂದ ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ ತನ್ನ ದನಿ ಮತ್ತು ಸುತ್ತಲಿನ ಸದ್ದುಗಳನ್ನು ಮುದ್ರಿಸಿ, ಕೇಳುಗನನ್ನು ಅದೇ ಜಾಗದಲ್ಲಿ ನಡೆಸುವ ಕಲೆಯನ್ನೇ ಬೆಳೆಸಿದಳು. ಈ ಮೂರರಿಂದಲೂ ಕಲಿಯುವುದು ಒಂದೇ: ಒಳ್ಳೆಯ ನಡಿಗೆ ನಡೆಯುವವನ ಗಮನವನ್ನು ತನ್ನ ಮೇಲೆ ಹಿಡಿದಿಟ್ಟುಕೊಳ್ಳುವುದಿಲ್ಲ, ಊರಿನ ಮೇಲೆ ಬಿಡುತ್ತದೆ. ಅಂಧರಿಗಾಗಿ ಕಟ್ಟುವಾಗ ಈ ಗುಣ ತಾನಾಗಿ ಬರುತ್ತದೆ. ಚಿತ್ರ ತೋರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ, ಮಾತಿನಲ್ಲೇ ಎಲ್ಲವನ್ನೂ ಕಟ್ಟಿಕೊಡಬೇಕು. ಕಂಬ ಎಷ್ಟು ದಪ್ಪ, ತೋಳಿನಲ್ಲಿ ತಬ್ಬಿದರೆ ಎಷ್ಟು ಸಿಗುತ್ತದೆ, ಮೆಟ್ಟಿಲು ಎಷ್ಟು, ಒಳಗೆ ಹೋದಾಗ ಗಾಳಿ ಎಲ್ಲಿ ತಣ್ಣಗಾಗುತ್ತದೆ, ದನಿ ಎಲ್ಲಿ ಮಾರ್ದನಿಸುತ್ತದೆ ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದ ಮಾತನ್ನು ಕೇಳಿದ ಕಣ್ಣುಳ್ಳವನು ಮೊಬೈಲನ್ನು ಕಿಸೆಗೆ ಇಳಿಸಿ, ಕಂಬವನ್ನೇ ನೋಡುತ್ತಾನೆ.

ಈಗ ಊರೊಳಗೆ ಬನ್ನಿ. ತ್ರಿಕೂಟೇಶ್ವರದಿಂದ ಶುರುಮಾಡೋಣ. ಒಂದೇ ಪೀಠದ ಮೇಲೆ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಸೂಚಿಸುವ ಮೂರು ಲಿಂಗಗಳು. ಅದೇ ಆವರಣದಲ್ಲಿ ಸರಸ್ವತಿ ಗುಡಿ. ಮೂರ್ತಿ ಭಗ್ನವಾಗಿದ್ದರೂ ಕಲ್ಯಾಣ ಚಾಲುಕ್ಯರ ಕಾಲದ ಕುಸುರಿಗೆ ಅದರ ಕಂಬಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಈ ಕಂಬಗಳನ್ನು ಬೆರಳಿನಿಂದ ಓದಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ದಿನಕ್ಕೆ ನೂರು ಕೈ ಮುಟ್ಟಿದರೆ ಕಲ್ಲು ಸವೆಯುತ್ತದೆ, ಸಂರಕ್ಷಿತ ಸ್ಮಾರಕದಲ್ಲಿ ಹಾಗೆ ಮುಟ್ಟುವುದು ತಪ್ಪು ಕೂಡ. ಇಲ್ಲಿ ತಂತ್ರಜ್ಞಾನ ನಿಜವಾಗಿ ನೆರವಿಗೆ ಬರುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ನಗರದ ಶಾಸನಕಲ್ಲುಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್‌ನಲ್ಲಿ ದಾಖಲಿಸುತ್ತ ಬಂದಿದೆ. ಬೆಳಕಿನ ಪಟ್ಟಿಗಳನ್ನು ಕಲ್ಲಿನ ಮೇಲೆ ಹಾಯಿಸಿ, ಮೇಲ್ಮೈಯ ಒಂದೊಂದು ತಗ್ಗನ್ನೂ ಅಳೆದಾಗ, ಸವೆದು ಕಣ್ಣಿಗೆ ಕಾಣದ ಅಕ್ಷರವೂ ಗಣಕದ ತೆರೆಯ ಮೇಲೆ ಎದ್ದು ಬರುತ್ತದೆ. ಗದಗಿನ ಕಂಬಕ್ಕೂ ಶಾಸನಕ್ಕೂ ಇದನ್ನೇ ಮಾಡಿ. ಆ ದಾಖಲೆಯಿಂದ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪ್ರತಿಕೃತಿಗಳನ್ನು ಅಚ್ಚುಹಾಕಿ, ಬಾಗಿಲ ಬಳಿ ಇಡಿ. ಕಂಬ ನಿಂತಲ್ಲೇ ನಿಂತಿರಲಿ, ಅದರ ಕೆತ್ತನೆ ಬೆರಳಿಗೂ ಸಿಗಲಿ.

ತ್ರಿಕೂಟೇಶ್ವರದ ಕಲ್ಲುಗಳು ಹೇಳುವ ಸಂಗತಿಯೂ ರಾಜರ ಪಟ್ಟಿಗಿಂತ ದೊಡ್ಡದು. 1191ರಲ್ಲಿ ಸೇವುಣ ದೊರೆ ಭಿಲ್ಲಮ ಈ ದೇವರಿಗೆ ಊರೊಂದನ್ನು ದತ್ತಿ ಬಿಟ್ಟ ಶಾಸನವಿದೆ. ಆಮೇಲೆ ಹೊಯ್ಸಳ ಇಮ್ಮಡಿ ಬಲ್ಲಾಳನು ಸೇವುಣರ ಬಲ ಮುರಿದು ಈ ಸೀಮೆಗೆ ಒಡೆಯನಾದ. 1192ರ ಶಾಸನದಲ್ಲಿ ಅವನೂ ಇದೇ ದೇವರಿಗೆ ದತ್ತಿ ಬಿಡುತ್ತಾನೆ. ಎರಡು ಕಡೆಯಲ್ಲೂ ಸ್ಥಾನಾಚಾರ್ಯನಾಗಿ ಕಾಣುವವನು ಚಂದ್ರಭೂಷಣ ಪಂಡಿತದೇವ ಒಬ್ಬನೇ. ಒಂದೂವರೆ ವರ್ಷದೊಳಗೆ ಒಡೆಯ ಬದಲಾದ, ಗುರು ಬದಲಾಗಲಿಲ್ಲ, ದೀಪವೂ ಆರಲಿಲ್ಲ. ಗೆದ್ದವನು ಸೋತವನ ದಾನದ ಕಲ್ಲನ್ನು ಕಿತ್ತು ಹಾಕಿಸಿದ್ದರೆ ಇವತ್ತು ಎರಡೂ ಶಾಸನ ನಮ್ಮ ಕೈಗೆ ಸಿಗುತ್ತಿರಲಿಲ್ಲ. ನಿಮ್ಮ ನಡಿಗೆ ಇಲ್ಲಿ ಯುದ್ಧದ ವೈಭವ ಬಣ್ಣಿಸುವುದಕ್ಕಿಂತ ಈ ಮುಂದುವರಿಕೆಯನ್ನು ಹೇಳಲಿ. ಊರು ಎಂಬುದು ಅರಸರಿಗಿಂತ ಹೆಚ್ಚು ಬಾಳುತ್ತದೆ ಎಂದು ನಡೆಯುವವರಿಗೆ ಮನವರಿಕೆಯಾಗಲಿ.

ನನ್ನ ಎರಡನೆಯ ಬೇಡಿಕೆ ಇಲ್ಲಿಂದಲೇ ಬರುತ್ತದೆ. ಕಲ್ಲು ಹೇಳುವುದು ಬೇರೆ, ಕಾವ್ಯ ಹೇಳುವುದು ಬೇರೆ, ಜನ ಹೇಳುವುದು ಬೇರೆ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಒಂದೇ ದನಿಯಲ್ಲಿ ಹೇಳಿದರೆ ಕೇಳುವವನಿಗೆ ನಾವು ಮೋಸ ಮಾಡಿದ ಹಾಗೆ. ಆದ್ದರಿಂದ ಮೂರು ದನಿಗಳನ್ನು ಇಡಿ. ಶಾಸನ ಹೇಳಿದ್ದನ್ನು ಒಂದು ದನಿ ಹೇಳಲಿ, ಕಾವ್ಯ ಹೇಳಿದ್ದನ್ನು ಇನ್ನೊಂದು, ಊರಿನ ನಂಬಿಕೆಯನ್ನು ಊರಿನ ಹಿರಿಯರ ದನಿಯೇ ಹೇಳಲಿ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕೂತು ಕಾವ್ಯ ಬರೆದನೆಂದು ಜನ ತೋರಿಸುವ ಕಂಬವಿದೆ. ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಕೂತು, ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದನೆಂಬ ಕತೆಯಿದೆ. ಗುಡಿಯನ್ನು ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದನೆಂಬ ಮಾತಿದೆ. ಇವನ್ನು ಅಲ್ಲಗಳೆಯಬೇಕಿಲ್ಲ, ಪ್ರಮಾಣಪತ್ರ ಕೊಡಬೇಕಾದದ್ದೂ ಇಲ್ಲ. ನೂರಾರು ವರ್ಷ ಒಂದು ಊರು ಒಂದು ಕಂಬವನ್ನು ತನ್ನ ಕವಿಯದೆಂದು ಕಾಪಾಡಿಕೊಂಡು ಬಂದಿದೆಯಲ್ಲ, ಅದೇ ಒಂದು ಚರಿತ್ರೆ. ಅದನ್ನು ಹಾಗೆಂದೇ ಹೇಳಿದರೆ ಸಾಕು. ಕವಿಯ ಕಂಬದ ಬಳಿ ಒಬ್ಬ ಗಮಕಿಯ ದನಿಯಲ್ಲಿ ಭಾಮಿನಿಯ ಲಯ ಕೇಳಿಸಿ. ಷಟ್ಪದಿ ಏನೆಂದು ವಿವರಿಸುವ ಹತ್ತು ಮಾತಿಗಿಂತ ಅದು ಮೇಲು.

ತ್ರಿಕೂಟೇಶ್ವರ, ವೀರನಾರಾಯಣ ದೇವಸ್ಥಾನಗಳಿಗೂ ಊರಿನ ಜುಮ್ಮಾ ಮಸೀದಿಗೂ ಸೇರಿ ಒಂದೇ ಟ್ರಸ್ಟು ಎಂಬುದನ್ನು ಹೇಳಲು ಮರೆಯಬೇಡಿ. ಇದು ಸೌಹಾರ್ದದ ಭಾಷಣವಲ್ಲ, ಲೆಕ್ಕಪತ್ರದ ಪುಸ್ತಕದಲ್ಲಿರುವ ಸಂಗತಿ. ಹೊರಗಿನಿಂದ ಬಂದವನಿಗೆ ಇದು ಬೆರಗು, ಊರಿನವರಿಗೆ ದಿನದ ಮಾತು. ಒಂದು ನಡಿಗೆ ದೇವಸ್ಥಾನಗಳನ್ನಷ್ಟೇ ಎಣಿಸಿ, ಮಸೀದಿಯ ಮುಂದೆ ಬಾಯಿ ಮುಚ್ಚಿ ಹಾದುಹೋದರೆ, ಅದು ಗದಗಿನ ದಾರಿ ತಪ್ಪಿದಂತೆ.

ಮೂರನೆಯ ಬೇಡಿಕೆ: ಹನ್ನೆರಡನೆಯ ಶತಮಾನದಲ್ಲೇ ನಿಲ್ಲಬೇಡಿ. ಚರಿತ್ರೆ ಅಂದರೆ ಕೆತ್ತಿದ ಕಲ್ಲು ಮಾತ್ರ ಅಂದುಕೊಂಡರೆ ಬೆಟಗೇರಿಯ ಅರ್ಧ ಊರು ಕೈಬಿಟ್ಟು ಹೋಗುತ್ತದೆ. ಬೆಟಗೇರಿಯಲ್ಲಿ ವೀರಗಲ್ಲುಗಳೂ ಇವೆ, ಮಗ್ಗಗಳೂ ಇವೆ. ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳವನ್ನು ಮುದ್ರಿಸಿ. ಕೈಮಗ್ಗದ ಲಯ ಬೇರೆ, ವಿದ್ಯುತ್ ಮಗ್ಗದ ಲಯ ಬೇರೆ. ಕಿವಿಗೆ ಅದು ತಟ್ಟನೆ ತಿಳಿಯುತ್ತದೆ, ಒಂದು ಕಸುಬು ಹೇಗೆ ಬದಲಾಯಿತೆಂಬ ಕತೆ ಆ ಎರಡು ಸಪ್ಪಳಗಳ ನಡುವೆಯೇ ಇದೆ. ಬಾಸೆಲ್ ಮಿಷನ್ 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಹೂಡಿತು. ಶಾಲೆ, ಚರ್ಚು, ಆಸ್ಪತ್ರೆಗಳ ಮೂಲಕ ಅದು ಬಿಟ್ಟ ಗುರುತು ಇಂದಿಗೂ ಊರಲ್ಲಿದೆ.

ಗದಗ ಜಂಕ್ಷನ್ನಿನಲ್ಲೂ ಒಂದು ನಿಲುಗಡೆ ಇರಲಿ. 1876–78ರ ಬರಗಾಲದಲ್ಲಿ ಈ ಸೀಮೆಯಲ್ಲಿ ಜನ ಸತ್ತದ್ದು ಕಾಳಿಲ್ಲದೆ ಮಾತ್ರವಲ್ಲ, ಕಾಳಿದ್ದ ಕಡೆಯಿಂದ ತರುವ ದಾರಿಯಿಲ್ಲದೆಯೂ ಸತ್ತರು. ಆ ಬರ ಕಲಿಸಿದ ಪಾಠದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು, ಸೊಲ್ಲಾಪುರದ ಬಳಿಯ ಹೊಟಗಿಯಿಂದ ವಿಜಯಪುರ, ಬಾಗಲಕೋಟೆಗಳ ಮೂಲಕ ಗದಗಿಗೆ ಮೀಟರ್‌ಗೇಜ್ ಹಳಿ ಬಂತು. ಬರಕ್ಕೆಂದು ಬಂದ ಹಳಿ ಹತ್ತಿಯನ್ನು ಹೊತ್ತೊಯ್ಯಿತು, ಎರೆಹೊಲದ ರೈತನನ್ನು ದೂರದ ಮಾರುಕಟ್ಟೆಯ ಬೆಲೆಗೆ ಕಟ್ಟಿಹಾಕಿತು. ಆ ಬೆಲೆಯ ಏರಿಳಿತ, ಸಾಹುಕಾರನ ಬಡ್ಡಿ, ಇವುಗಳ ನಡುವೆ ಸಿಕ್ಕಿದ ರೈತರಿಗಾಗಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಹುಟ್ಟಿದ ಈ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಯಿತು. ಬರ, ರೈಲು, ಹತ್ತಿ, ಸಾಲ, ಸಹಕಾರ: ಈ ಐದನ್ನು ಒಂದೇ ದಾರದಲ್ಲಿ ಪೋಣಿಸಿದರೆ ಶಾಲೆಯ ಪಾಠಕ್ಕಿಂತ ಚೆನ್ನಾಗಿ ಆ ಕಾಲ ಅರ್ಥವಾಗುತ್ತದೆ. ಆಮೇಲೆ ಮುದ್ರಣಾಲಯಗಳ ಓಣಿಗೆ ಬನ್ನಿ. ಗದಗಿನ ಅಚ್ಚುಕೂಟಗಳಿಂದ ಹೊರಟ ಬಯಲಾಟದ ಪುಸ್ತಕ, ನಾಟಕ, ಪುರಾಣ, ಪಂಚಾಂಗಗಳು ಉತ್ತರ ಕರ್ನಾಟಕದ ಎಷ್ಟು ಜಾತ್ರೆಗಳಲ್ಲಿ ಮಾರಾಟವಾದವು! ತೋಂಟದಾರ್ಯ ಮಠದಲ್ಲಿ ಸಿದ್ಧಲಿಂಗ ಸ್ವಾಮಿಗಳು (1949–2018) ಪುಸ್ತಕ ಪ್ರಕಟಣೆಯನ್ನೇ ದಾಸೋಹವಾಗಿಸಿದರು, ಕನ್ನಡಕ್ಕಾಗಿ ನಡೆದ ಗೋಕಾಕ ಚಳವಳಿಯಲ್ಲಿ ಬೀದಿಗಿಳಿದರು. ಇದೂ ಊರಿನ ಪುರಾತನದಷ್ಟೇ ಮುಖ್ಯ.

ಇನ್ನು ಮಿಕ್ಕ ಮೂರು ಊರುಗಳ ಮಾತು. ಅವನ್ನು ಗದಗಿನ ಬಾಲವಾಗಿ ಸೇರಿಸಬೇಡಿ, ಒಂದೊಂದಕ್ಕೂ ಅದರದೇ ನಡಿಗೆ ಬೇಕು. ಒಂದು ಸಂಗತಿ ನೋಡಿ: 1948ರವರೆಗೆ ಗದಗವೂ ಮುಂಡರಗಿಯೂ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಒಂದು ಹಗಲು ಚಕ್ಕಡಿ ಹೊಡೆದರೆ ಮೂರು ಸರಕಾರಗಳ ಸೀಮೆ ದಾಟಬಹುದಿತ್ತು. ಎಲ್ಲ ಕಡೆ ಮಾತು ಕನ್ನಡವೇ, ಸಂಸ್ಥಾನಗಳ ಕಚೇರಿಯ ಕಾಗದ ಮಾತ್ರ ಬಹುಪಾಲು ಮರಾಠಿಯದು. 1956ರಲ್ಲಿ ಏಕೀಕರಣ, 1997ರಲ್ಲಿ ಗದಗ ಜಿಲ್ಲೆ. ಇವತ್ತು ಬಸ್ಸಿನಲ್ಲಿ ಕೂತು ಒಂದೇ ಟಿಕೆಟಿನಲ್ಲಿ ದಾಟುವ ಆ ಗಡಿಗಳನ್ನು ನಿಮ್ಮ ದನಿ ತೋರಿಸಿಕೊಡಲಿ. ಹುಯಿಲಗೋಳರ ಹಾಡು ಯಾತಕ್ಕೆ ಅಷ್ಟು ಬೇಕಾಗಿತ್ತೆಂಬುದು ಆಗ ತಾನಾಗಿ ತಿಳಿಯುತ್ತದೆ.

ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದ ಪಂಪ ತನ್ನ ಕಾವ್ಯದ ನುಡಿ ಪುಲಿಗೆರೆಯ ಕನ್ನಡವೆಂದು ಹೆಮ್ಮೆಯಿಂದ ಸಾರಿಕೊಂಡ. ಹೀಗಿರುವಾಗ ಲಕ್ಷ್ಮೇಶ್ವರದ ನಡಿಗೆಗೆ ದೂರದ ಸ್ಟುಡಿಯೊದಲ್ಲಿ ಮುದ್ರಿಸಿದ ಜಾಹೀರಾತಿನ ಕನ್ನಡ ಸಲ್ಲದು. ಗಣಕ ತಾನೇ ಉಚ್ಚರಿಸುವ ದನಿಯಂತೂ ಬೇಡವೇ ಬೇಡ. ಬಜಾರದ ಅಂಗಡಿಯ ಹೆಣ್ಣುಮಗಳು, ಕಾಲೇಜಿನ ಹುಡುಗಿ, ಮಸೀದಿಯ ಹಿರಿಯ, ಬಸದಿಯ ಪಂಡಿತ ತಂತಮ್ಮ ಮಾತಿನಲ್ಲಿ ಹೇಳಲಿ.

ಹೇಳುವುದಕ್ಕೆ ಎಷ್ಟಿದೆ! ಎಂಟನೆಯ ಶತಮಾನದ ಆರಂಭದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಇಲ್ಲಿಯ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ (ಸಮುದಾಯಗಳಿಗೂ) ಕೊಟ್ಟ ಆಚಾರವ್ಯವಸ್ಥೆಯ ಶಾಸನವಿದೆ. ರಾಜನ ಅಧಿಕಾರಿಗಳು ಊರಿನವರೊಡನೆ ಹೇಗೆ ನಡೆದುಕೊಳ್ಳಬೇಕು, ಊರಿನವರ ಬಾಧ್ಯತೆ ಏನು ಎಂದು ಕಲ್ಲಿನಲ್ಲಿ ಬರೆಸಿ ನಿಲ್ಲಿಸಿದ ವ್ಯವಸ್ಥೆ ಅದು. ನಾಗರಿಕ ಸನ್ನದು ಎಂದು ಇವತ್ತು ಕಚೇರಿಯ ಗೋಡೆಗೆ ಹಚ್ಚುವ ಹಲಗೆಗಿಂತ ಸಾವಿರದ ಮುನ್ನೂರು ವರ್ಷ ಹಿರಿಯದು. ಶಂಖ ಬಸದಿ, ಅನಂತನಾಥ ಬಸದಿ, ಸೋಮೇಶ್ವರ ದೇವಾಲಯ, 1617ರಲ್ಲಿ ಆದಿಲಶಾಹಿಯ ಅಂಕುಶಖಾನ ಕಟ್ಟಿಸಿದ ಜುಮ್ಮಾ ಮಸೀದಿ, ದೂದಪೀರಾಂ ದರ್ಗಾ ಎಲ್ಲವೂ ಕಾಲ್ನಡಿಗೆಯ ಹಾದಿಯಲ್ಲೇ ಇವೆ. ಇಲ್ಲಿ ಕಷ್ಟದ ಮಾತೊಂದೂ ಇದೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಜೈನರೊಡನೆ ಪಂಥ ಕಟ್ಟಿ, ಸೋಮನಾಥನನ್ನೇ ಇಲ್ಲಿಗೆ ತಂದು ಬಸದಿಯಲ್ಲಿ ನೆಲೆಗೊಳಿಸಿದ ಕತೆಯನ್ನು ರಾಘವಾಂಕ ಸೋಮನಾಥ ಚಾರಿತ್ರದಲ್ಲಿ ಹೇಳಿದ್ದಾನೆ. ಗೆದ್ದವರ ಕಡೆಯಿಂದ ಹೇಳಿದ ಕತೆ ಅದು. ನೀವು ಅದನ್ನು ಅಡಗಿಸಬೇಡಿ, ಇವತ್ತಿನ ಜಗಳಕ್ಕೆ ಬತ್ತಿಯಾಗಿಯೂ ಹೊಸೆಯಬೇಡಿ. ಕಾವ್ಯ ಏನು ಹೇಳುತ್ತದೆ ಎಂದು ಕಾವ್ಯದ ದನಿಯಲ್ಲಿ ಹೇಳಿ, ಬಸದಿಗಳು ಇಂದಿಗೂ ನಿಂತಿವೆ, ಪೂಜೆ ನಡೆದಿದೆ ಎಂದು ಊರಿನ ದನಿಯಲ್ಲಿ ಹೇಳಿ. ಕೇಳುವವರು ಎರಡನ್ನೂ ಹೊತ್ತು ನಡೆಯಬಲ್ಲರು, ಅವರನ್ನು ನಂಬಿ.

ಶಿರಹಟ್ಟಿಯ ನಡಿಗೆ ಫಕೀರೇಶ್ವರ ಮಠದ ಸುತ್ತ ಇರಲಿ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ, ಗುರುವಿನ ಹೆಸರಲ್ಲೇ ಫಕೀರನನ್ನೂ ಈಶ್ವರನನ್ನೂ ಒಟ್ಟಿಗೆ ಕೂರಿಸಿಕೊಂಡ ಈ ಮಠದ ಪರಂಪರೆಯನ್ನು ಭಕ್ತರ ಬಾಯಿಂದಲೇ ಕೇಳಿಸಿ. ಚಳಿಗಾಲದಲ್ಲಿ ಬಂದವರನ್ನು ಪಕ್ಕದ ಮಾಗಡಿ ಕೆರೆಗೆ ಕಳಿಸಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲಲ್ಲಿ ಅಲ್ಲಿ ಕೆರೆ ತುಂಬ ಗದ್ದಲವೆಬ್ಬಿಸುತ್ತವೆ. 2024ರಲ್ಲಿ ಈ ಕೆರೆ ಜಾಗತಿಕ ಮಹತ್ವದ ಜೌಗುಪ್ರದೇಶವೆಂದು ರಾಮ್ಸರ್ ತಾಣವಾಯಿತು. ಜನ ಮಳೆನೀರಿಗೆಂದು ಕಟ್ಟಿಕೊಂಡ ಕೆರೆಯೂ ಚರಿತ್ರೆಯೇ. ಅಲ್ಲಿ ನಿಮ್ಮ ದನಿ ಸುಮ್ಮನಿರಬೇಕಾದ ಹೊತ್ತನ್ನೂ ಮೊದಲೇ ಗುರುತಿಸಿಡಿ.

ಮುಂಡರಗಿಗೆ ಹೋಗುವ ಹಾದಿಯಲ್ಲಿ ಡಂಬಳ ಸಿಗುತ್ತದೆ. ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ ಇಪ್ಪತ್ನಾಲ್ಕು ಮೂಲೆಯ ನಕ್ಷತ್ರ. ಒಂದೇ ಕೇಂದ್ರದ ಮೇಲೆ ಚೌಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಈ ಆಕಾರ ಹುಟ್ಟುತ್ತದೆ. ನೆಲದಿಂದ ತೆಗೆದ ಫೋಟೊ ಇದನ್ನು ತೋರಿಸಲಾರದು, ನೆಲದ ಮೇಲೆ ನಿಂತವನ ಕಣ್ಣಿಗೂ ಪೂರ್ತಿ ದಕ್ಕದು. ಉಬ್ಬುಗೆರೆಯ ಒಂದು ನಕ್ಷೆ ಮಾಡಿಟ್ಟರೆ ಅಂಧ ಹುಡುಗಿಯ ಬೆರಳು ಒಂದು ಸುತ್ತಿನಲ್ಲಿ ಅದನ್ನು ಗ್ರಹಿಸುತ್ತದೆ. ಕಣ್ಣಿದ್ದವನು ಅವಳಿಂದ ಕೇಳಿ ಕಲಿಯಬೇಕಾಗುತ್ತದೆ. ಡಂಬಳದಲ್ಲಿಯೇ 1095ರ ಶಾಸನ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುತ್ತದೆ. ವಿಹಾರ ಕಟ್ಟಿಸಿದವರು ಹದಿನಾರು ಮಂದಿ ಸೆಟ್ಟಿಗಳು. ಕನ್ನಡ ನಾಡಿನಲ್ಲಿ ಬೌದ್ಧಧರ್ಮ ಆ ಕಾಲದವರೆಗೂ ಉಸಿರಾಡುತ್ತಿತ್ತು ಎನ್ನಲು ಇದು ಗಟ್ಟಿ ಸಾಕ್ಷಿ.

ಮುಂಡರಗಿ ಎಂದರೆ ಭೀಮರಾಯ. ಬ್ರಿಟಿಷರ 1857ರ ನಿಶ್ಶಸ್ತ್ರೀಕರಣದ ಕಾಯ್ದೆ, ದತ್ತಕದ ನಿರಾಕರಣೆ, ಇನಾಮುಗಳ ತಪಾಸಣೆ ಈ ಸೀಮೆಯ ದೇಸಾಯಿ, ಸಂಸ್ಥಾನಿಕರನ್ನು ಕೆರಳಿಸಿದ್ದವು. ನರಗುಂದದ ಬಾಬಾಸಾಹೇಬ, ಹಮ್ಮಿಗಿಯ ಕೆಂಚನಗೌಡರೊಡನೆ ಸೇರಿ ಮುಂಡರಗಿಯ ಭೀಮರಾಯ ಎದ್ದ. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ 1ರಂದು ನಿಜಾಮ ಸೀಮೆಯ ಕೊಪ್ಪಳ ಕೋಟೆಯಲ್ಲಿ ಭೀಮರಾಯ ಹೋರಾಡುತ್ತ ಮಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ನೇಣಾಯಿತು. ಎರಡು ವಾರದಲ್ಲಿ ಮುಗಿದುಹೋದ ಈ ದಂಗೆಯನ್ನು ಹಳ್ಳಿಯ ಲಾವಣಿಕಾರರು ಬಹುಕಾಲ ಹಾಡಿದರು. ಮುಂಡರಗಿಯ ನಡಿಗೆಯಲ್ಲಿ ತಾರೀಖುಗಳನ್ನು ಓದಿ ಮುಗಿಸಬೇಡಿ. ಇಂದಿಗೂ ಹಾಡಬಲ್ಲವರನ್ನು ಹುಡುಕಿ ಹಾಡಿಸಿ.

ಇಷ್ಟೆಲ್ಲ ಆದಮೇಲೆ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ: ಇದನ್ನು ಕಾಯುವವರು ಯಾರು? ಆ್ಯಪ್ ಕಟ್ಟಿದ ಕಂಪನಿ ನಾಳೆ ಮುಚ್ಚಬಹುದು, ಸರ್ವರಿನ ಬಾಡಿಗೆ ನಿಲ್ಲಬಹುದು, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಬಿಸಿಲಿಗೆ ಮಸುಕಾಗಬಹುದು. ಆದ್ದರಿಂದ ದನಿಯ ಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ, ಹಂಚುವಂತೆ, ತಿದ್ದುವಂತೆ ಮುಕ್ತವಾಗಿ ಬಿಡಿ. ಹೆಸರು, ಫೋನ್ ನಂಬರು ಕೇಳಬೇಡಿ. ನೆಟ್‌ವರ್ಕ್ ಇಲ್ಲದೆಯೂ ನಡೆಯುವಂತೆ ಇರಲಿ. ಇಕ್ಕಟ್ಟಿನ ಓಣಿಯಲ್ಲಿ ಉಪಗ್ರಹದ ಲೆಕ್ಕ ಹತ್ತಾರು ಹೆಜ್ಜೆ ತಪ್ಪುತ್ತದೆ, ಅಂಧರಿಗೆ ಹತ್ತು ಹೆಜ್ಜೆ ಎಂದರೆ ಗಟಾರ. ಹಾಗಾಗಿ ಜಾಗದ ಗುರುತನ್ನು ನಕ್ಷೆಯ ಚುಕ್ಕೆಗೆ ಮಾತ್ರ ಬಿಡದೆ, ಎಡಗಡೆ ಬೇವಿನಮರ, ಬಲಗಡೆ ಮಿರ್ಚಿ ಕರಿಯುವ ವಾಸನೆ, ಮುಂದೆ ಮೂರು ಮೆಟ್ಟಿಲು ಎಂದು ಮಾತಿನಲ್ಲಿ ಹೇಳಿ. ಕಿವಿ ಕೇಳದವರಿಗಾಗಿ ಅದೇ ಮಾತನ್ನು ಬರೆಹದಲ್ಲೂ ಕೊಡಿ. ನಮ್ಮ ಸೀಮೆಯ ಶಾಸನಗಳ ಪಾಠಗಳು ದಕ್ಷಿಣ ಭಾರತದ ಶಾಸನ ಸಂಪುಟಗಳಲ್ಲಿ ಮುಂಬೈ-ಕರ್ನಾಟಕ ಶಾಸನಗಳೆಂದು ಅಚ್ಚಾಗಿ ಎಷ್ಟೋ ಕಾಲವಾಯಿತು. ಅವನ್ನು ಇಂದಿನ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸವನ್ನು ನಾಲ್ಕೂ ಊರುಗಳ ಕಾಲೇಜುಗಳು ಹಂಚಿಕೊಳ್ಳಲಿ. ಗದಗಿನಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದಕ್ಕೆ ಹೆಗಲು ಕೊಡಬಹುದು. ಪ್ರತಿ ವರ್ಷ ಒಂದು ತರಗತಿಯ ಮಕ್ಕಳು ಹಳೆಯ ನಡಿಗೆಯನ್ನು ನಡೆದು, ಕೆಟ್ಟದ್ದನ್ನು ಸರಿಪಡಿಸಿ, ಹೊಸದೊಂದು ನಿಲುಗಡೆ ಸೇರಿಸಲಿ.

ಕೊನೆಯದಾಗಿ, ನಿಮ್ಮ ನಡಿಗೆಯ ಪರೀಕ್ಷೆ ಹೇಗೆ ಆಗಬೇಕೆಂದು ಹೇಳಿ ಈ ಪತ್ರ ಮುಗಿಸುತ್ತೇನೆ. ಉದ್ಘಾಟನೆಗೆ ಮಂತ್ರಿಗಳನ್ನು ಕರೆಯುವ ಮುನ್ನ ಪುಣ್ಯಾಶ್ರಮಕ್ಕೆ ಹೋಗಿ. ಅಲ್ಲಿಯ ಅಂಧ ವಿದ್ಯಾರ್ಥಿಗಳ ಕೈಗೆ ಫೋನು ಕೊಟ್ಟು, ಅವರೊಂದಿಗೆ ಒಬ್ಬೊಬ್ಬರು ಜೊತೆಗಾರರನ್ನು ಕಾವಲಿಗೆ ಮಾತ್ರ ಕಳಿಸಿ, ಆಶ್ರಮದಿಂದ ವೀರನಾರಾಯಣನವರೆಗೆ, ಅಲ್ಲಿಂದ ತ್ರಿಕೂಟೇಶ್ವರದವರೆಗೆ ನಡೆಯಲು ಬಿಡಿ. ಅವರು ಎಲ್ಲಿ ತಡವರಿಸಿದರು, ಯಾವ ಮಾತು ಅವರಿಗೆ ಹೊಳೆಯಲಿಲ್ಲ, ಯಾವ ಮಾತು ಬೇಸರವಾಯಿತು ಎಂದು ಬರೆದುಕೊಳ್ಳಿ. ಸ್ವರದ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಿವಿಗಳು ಅವು, ಸುಳ್ಳು ದನಿಯನ್ನು ಅರೆಕ್ಷಣದಲ್ಲಿ ಗುರುತಿಸುತ್ತವೆ. ಅವರು ಸರಿಯಿಲ್ಲ ಎಂದರೆ ಮತ್ತೆ ಕಟ್ಟಿ. ಸರಿ ಎಂದ ದಿನ ಗದಗಿನ ನಡಿಗೆ ಸಿದ್ಧವಾಯಿತೆಂದು ಊರಿಗೆಲ್ಲ ಸಾರಿ. ಅದಕ್ಕಾಗಿ ದನಿ ಕೊಡಲು, ಓಣಿ ತೋರಿಸಲು, ಹಳೆಯವರ ಮನೆಬಾಗಿಲಿಗೆ ಕರೆದೊಯ್ಯಲು ಈ ಊರುಗಳಲ್ಲಿ ಜನಕ್ಕೆ ಬರವಿಲ್ಲ. ಬಂದು ಕೇಳಿ, ನಾವು ಇದ್ದೇವೆ.

ಇಂತಿ,
ಗದಗ ಸೀಮೆಯ ಒಬ್ಬ ಓದುಗ